ಮಲ್ಲಿಯ ಬಾಣಂತನ

ಮೃಗಾಲಯದ ಕೆಲಸ ಅಂದಕೂಡಲೇ ಪ್ರಾಣಿಗಳನ್ನು ಎತ್ತಿ ಮುದ್ದಾಡುವ ಕೆಲಸ ಅಂತ ನೀವು ತಿಳಿದಿದ್ದರೆ ಮೊದಲೇ ಹೇಳಿಬಿಡುತ್ತೇನೆ: ಇಪ್ಪತ್ತೊಂದು ವರ್ಷದಲ್ಲಿ ನನ್ನ ಕೈ ಹೆಚ್ಚು ಹಿಡಿದದ್ದು ಪೊರಕೆ, ನೀರಿನ ಪೈಪು ಮತ್ತು ಹಣ್ಣು ಹೆಚ್ಚುವ ಚಾಕು. ಕಳೆದ ವರ್ಷ ನಾನು ನಿವೃತ್ತಳಾದ ಮೇಲೆ ನಮ್ಮ ಗೆಳತಿಯೊಬ್ಬಳ ಮಗಳು ಇದೇ ಕೆಲಸಕ್ಕೆ ಸೇರುತ್ತೇನೆಂದು ಮನೆಗೆ ಬಂದಿದ್ದಳು. "ಆಂಟಿ, ವಾಟ್ ಈಸ್ ಇಟ್ ರಿಯಲಿ ಲೈಕ್?" ಅಂದಳು. ಅವಲಕ್ಕಿ ತಿನ್ನಿಸಿ ಅರ್ಧ ಗಂಟೆ ಏನೇನೋ ಹೇಳಿದೆ. ಅವಳು ಹೋದ ಮೇಲೆ ನೋಡಿದರೆ, ಹೇಳಬೇಕಾದದ್ದನ್ನೇ ಹೇಳಿರಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ತಿಳಿಯುತ್ತದೆ, ಓದಲು ಬಾರದು. ಅವರಮ್ಮ ಓದಿ ಹೇಳುತ್ತಾಳೆ.

ನಾನು ನೋಡಿಕೊಂಡ ಪ್ರಾಣಿಯ ಹೆಸರನ್ನು ನೀವು ಕೇಳಿರಲಿಕ್ಕಿಲ್ಲ. ಕೆಂಗತ್ತಿನ ಟ್ಯಾಮರಿನ್ ಅಂತ. ಪನಾಮಾ ದೇಶದ ಕಾಡುಗಳಲ್ಲಿ, ಅದಕ್ಕೆ ಅಂಟಿಕೊಂಡ ಕೊಲಂಬಿಯಾದ ಮೂಲೆಯಲ್ಲಿ ಇರುವ ಮಂಗ. ಅಲ್ಲಿಯವರು ಇದನ್ನು ತಿತಿ ಅನ್ನುತ್ತಾರೆ. ಮಂಗ ಅಂದರೆ ನಮಗೆ ಗುಡಿಯ ಮುಂದೆ ಕೈಯಲ್ಲಿನ ಬಾಳೆಹಣ್ಣು ಕಸಿದುಕೊಳ್ಳುವ ದಾಂಡಿಗ ನೆನಪಾಗುತ್ತಾನೆ. ಇದು ಅಳಿಲಿಗಿಂತ ತುಸು ದೊಡ್ಡದು, ತೂಕ ಅರ್ಧ ಕಿಲೋ. ನೆತ್ತಿಯ ಮೇಲೆ ಬಿಳಿ ಕೂದಲಿನ ಪಟ್ಟಿ, ಕತ್ತಿನ ಹಿಂದೆ ಇಟ್ಟಿಗೆ ಕೆಂಪು, ಬೋಳು ಮುಖ. ಪಿಂಚಣಿ ಕಚೇರಿಯಲ್ಲಿ ಕಾಯ್ದು ಬೇಸತ್ತ ಮುದುಕನ ಹಾಗೆ ಸದಾ ಸಿಟ್ಟಿನಲ್ಲಿರುವಂತೆ ಕಾಣುತ್ತದೆ. ಹಣ್ಣು, ಹುಳ, ಮರದ ಅಂಟು ಇದರ ಊಟ. ನೋಡಲು ಬಂದವರು ಗಾಜಿನ ಮುಂದೆ ಒಂದು ನಿಮಿಷ ನಿಂತು, ಅಳಿಲಿರಬೇಕು ಅಂದುಕೊಂಡು ಜಿರಾಫೆ ಕಡೆ ಹೋಗಿಬಿಡುತ್ತಿದ್ದರು. ನನಗೆ ಮಾತ್ರ ಇವುಗಳ ಮುಂದೆ ಜಿರಾಫೆ ಸಪ್ಪೆ ಅನ್ನಿಸುತ್ತಿತ್ತು.

ನಾನು ಧಾರವಾಡದಲ್ಲಿ ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು. ಮದುವೆಯಾಗಿ ಸಮುದ್ರದಾಚೆಯ ಮೌಂಟನ್ ವ್ಯೂ ಊರಿಗೆ ಬಂದೆ. ನಮ್ಮವರು, ಅಶೋಕ, ಚಿಪ್ ಕಂಪನಿಯಲ್ಲಿ ಇಂಜಿನಿಯರು. ಮಗಳು ನಿಧಿ ಸ್ಕೂಲಿಗೆ ಹೋಗುವಂತಾದ ಮೇಲೆ ಮನೆಯಲ್ಲಿ ಕೂತು ಕೂತು ತಲೆ ಕೆಟ್ಟು, ಊರಿಗೆ ತಾಗಿದ ಕೊಲ್ಲಿಯ ಆಚೆ ದಡದ ಗುಡ್ಡದ ಮೇಲಿದ್ದ ಒಂದು ಸಣ್ಣ ಮೃಗಾಲಯದಲ್ಲಿ ವಾಲಂಟಿಯರ್ ಆಗಿ ಸೇರಿದೆ. ಎರಡು ವರ್ಷ ಹಣ್ಣು ಹೆಚ್ಚಿದ ಮೇಲೆ ಕೆಲಸ ಖಾಯಂ ಆಯಿತು. ಬೆಳಿಗ್ಗೆ ಸೇತುವೆ ದಾಟಿ, 880 ಫ್ರೀವೇಯ ಲಾರಿಗಳ ನಡುವೆ ಸಿಕ್ಕಿಕೊಂಡು, ಮಂಜು ಮುಚ್ಚಿದ ಗುಡ್ಡ ಹತ್ತುವಷ್ಟರಲ್ಲಿ ಥರ್ಮಸ್ಸಿನ ಚಹಾ ಖಾಲಿಯಾಗಿರುತ್ತಿತ್ತು. ಸಂಜೆ ಮನೆಗೆ ಬಂದರೆ ನಿಧಿ ಮೂಗು ಮುಚ್ಚಿಕೊಂಡು, "ಅಮ್ಮಾ, ಯೂ ಸ್ಮೆಲ್ ಲೈಕ್ ಮಂಕಿ" ಅನ್ನುತ್ತಿದ್ದಳು. ಕನ್ನಡ ಕೂಟದ ಊಟಗಳಲ್ಲಿ ಬೆಂಗಳೂರಿನ ಗೆಳೆಯರು, "ಏನ್ ಮೇಡಂ, ಇನ್ನೂ ಕೋತಿಗಳ ಜೊತೇನೇನಾ ನಿಮ್ಮ ಮೀಟಿಂಗು?" ಅಂತ ಕಾಲೆಳೆಯುತ್ತಿದ್ದರು. "ನಿಮ್ಮ ಮೀಟಿಂಗಿನಷ್ಟು ಗದ್ದಲ ಇರೂದಿಲ್ಲ ಬಿಡ್ರಿ" ಅನ್ನುತ್ತಿದ್ದೆ.

ನನ್ನ ಮೇಲಿನವಳು ಬೆವರ್ಲಿ. ಆರಡಿ ಎತ್ತರ, ಗಂಡಸರ ಬೂಟು, ಬೆಳ್ಳಗಿನ ಜಡೆ. ಹೊಗಳುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ಅವಳು ಮಾತಾಡಿದ್ದು ಇಂಗ್ಲಿಷಿನಲ್ಲೇ, ಆದರೆ ನನ್ನ ನೆನಪಿನಲ್ಲಿ ಆಕೆ ಶುದ್ಧ ಧಾರವಾಡದ ಹೆಂಗಸಿನ ಹಾಗೆ ಮಾತಾಡುತ್ತಾಳೆ. ನಾನೇನು ಮಾಡಲಿ, ಹಾಗೆಯೇ ಬರೆಯುತ್ತೇನೆ.

ಮೊದಲ ತಪ್ಪು ಕೆಲಸ ಖಾಯಂ ಆದ ಮೊದಲ ವಾರದ್ದು. ಎದ್ದಕೂಡಲೇ ಅಂಗಳ, ಹೊಸ್ತಿಲು, ಹಿತ್ತಿಲು ತೊಳೆಯುವ ಮನೆಯಲ್ಲಿ ಬೆಳೆದವಳು ನಾನು. ಟ್ಯಾಮರಿನ್‌ಗಳ ಕೋಣೆಗೆ ಹೋದರೆ ಪ್ರತಿ ಕೊಂಬೆಯ ಮೇಲೂ ಜಿಡ್ಡು, ಕಂದು ಕಲೆ, ಗಬ್ಬು ವಾಸನೆ. ಬ್ರಷ್ಷು ಹಿಡಿದು ಒಂದೊಂದು ಕೊಂಬೆಯನ್ನೂ ತಿಕ್ಕಿ ತೊಳೆದೆ. ಹಬ್ಬದ ಮನೆಯ ಹಾಗೆ ಮಾಡಿಟ್ಟು, ಬೆವರ್ಲಿ ನೋಡಿ ಏನೆನ್ನುತ್ತಾಳೋ ಅಂತ ಕಾದು ನಿಂತೆ. ಒಳಗೆ ಬಿಟ್ಟಕೂಡಲೇ ಅವು ಚೀರಾಡುತ್ತ, ಹುಚ್ಚು ಹಿಡಿದವರಂತೆ ಕುಂಡೆ ಉಜ್ಜುತ್ತ ಕೊಂಬೆಯಿಂದ ಕೊಂಬೆಗೆ ಓಡತೊಡಗಿದವು. ಒಂದನ್ನೊಂದು ಕಚ್ಚಲು ಹೋದವು.

"ಎಲ್ಲಾ ತೊಳದಿ?" ಅಂದಳು ಬೆವರ್ಲಿ.

"ಎಲ್ಲಾ ತೊಳದೆ."

"ಅವು ಆ ವಾಸನಿ ಬಿಟ್ಟು ಬಿಟ್ಟು ಇದು ನಮ್ಮ ಮನಿ ಅಂತ ಮಾಡ್ಕೊಂಡಿದ್ವು. ನೀ ಒಂದ ತಾಸಿನ್ಯಾಗ ಮನಿ ಕಿತ್ತ ಒಗದಿ. ನಾಳೆಯಿಂದ ಅರ್ಧ ತೊಳಿ, ಅರ್ಧ ಹಂಗ ಬಿಡು."

ಅಂದಿನಿಂದ ಕೆಲಸ ಬಿಡುವವರೆಗೂ ಅರ್ಧ ತೊಳೆದೆ, ಅರ್ಧ ಬಿಟ್ಟೆ. ಗಲೀಜನ್ನು ಬಿಟ್ಟು ಬರುವುದು ತೊಳೆಯುವುದಕ್ಕಿಂತ ಕಷ್ಟದ ಕೆಲಸ ಅಂತ ಆಗ ಗೊತ್ತಾಯಿತು.

ಆ ಕಾಲದಲ್ಲಿ ತೂಕ ನೋಡಬೇಕಾದರೆ ಬಲೆ ಬೀಸಿ ಹಿಡಿಯುತ್ತಿದ್ದೆವು. ಅವು ಮೂರು ದಿನ ನನ್ನ ಮುಖ ನೋಡುತ್ತಿರಲಿಲ್ಲ. ಆಮೇಲೆ ಪದ್ಧತಿ ಬದಲಾಯಿತು. ಮರದ ಅಂಟನ್ನು ನೀರಿನಲ್ಲಿ ನೆನೆಸಿ ಚಮಚದ ತುದಿಗೆ ಹಚ್ಚಿ ತಕ್ಕಡಿಯ ಮೇಲೆ ಹಿಡಿದರೆ, ತಾವಾಗಿಯೇ ಹಾರಿ ಬಂದು ಕೂರುವುದನ್ನು ಕಲಿಸಿದೆವು. ಮೃಗಾಲಯದ ಅಡುಗೆಮನೆಯ ಡಬ್ಬಿಯಲ್ಲಿ ಆ ಅಂಟು ಮೊದಲ ಸಲ ನೋಡಿದಾಗ ನಾನು ನಕ್ಕುಬಿಟ್ಟೆ. ನಮ್ಮ ಕಡೆ ಬಾಣಂತಿಯರಿಗೆ ಕೊಬ್ಬರಿ, ಉತ್ತತ್ತಿ ಸೇರಿಸಿ ಅಂಟಿನುಂಡೆ ಕಟ್ಟುತ್ತಾರಲ್ಲ, ಅದೇ ಅಂಟು. ಹೊಸದಾಗಿ ಸೇರುವವರು ಈಗ ಬಲೆ ಮುಟ್ಟುವುದೇ ಇಲ್ಲ. ನೀವು ಪುಣ್ಯವಂತರು.

ಇನ್ನು ಮಲ್ಲಿಯ ವಿಷಯ. ನಮ್ಮಲ್ಲಿದ್ದ ಜೋಡಿ ಲೂನಾ ಮತ್ತು ರಿಕೋ. ಅವರ ಚೊಚ್ಚಲ ಮರಿಯೇ ಮಲ್ಲಿ. ಹೆಸರಿಟ್ಟವಳು ನಾನು. ಅವಳಿಗೆ ವರ್ಷ ತುಂಬುವ ಹೊತ್ತಿಗೆ ಲೂನಾ ಮತ್ತೆ ಬಸುರಾದಳು. ದಿನ ತುಂಬುವ ಹೊತ್ತಿಗೆ ಬೆವರ್ಲಿ ಮೊಣಕಾಲಿನ ಆಪರೇಷನ್ನಿಗೆ ಎರಡು ತಿಂಗಳು ರಜೆ ಹೋಗಿದ್ದಳು. ಮೊದಲ ಬಾರಿಗೆ ಇಡೀ ವಿಭಾಗ ನನ್ನ ಕೈಗೆ ಬಂದಿತ್ತು. ಆಗಲೇ ಲೂನಾ ಅವಳಿ ಹೆತ್ತಳು.

ಹೆತ್ತ ಮೂರನೆಯ ದಿನ ನೋಡಿದರೆ ಮರಿಗಳೆರಡೂ ರಿಕೋನ ಬೆನ್ನ ಮೇಲೆ. ಹಾಲು ಕುಡಿಸಲು ಮಾತ್ರ ಲೂನಾ. ಮಲ್ಲಿ ಅಪ್ಪನ ಬೆನ್ನಿಗೆ ಬಿದ್ದು ಮರಿಗಳ ಬಾಲ ಎಳೆಯುವುದು, ತನ್ನ ಬೆನ್ನಿಗೆ ಜಗ್ಗಿಕೊಳ್ಳುವುದು, ಮರಿ ಕಿರುಚುವುದು, ಮತ್ತೆ ಬಿಡುವುದು. ನನಗೆ ನೋಡಿ ತಡೆಯಲಾಗಲಿಲ್ಲ. ಅದಕ್ಕೆ ಕಾರಣವಿತ್ತು. ನಿಧಿ ಹುಟ್ಟಿದಾಗ ಅವ್ವನಿಗೆ ವೀಸಾ ಸಿಗಲಿಲ್ಲ. ಅಪಾರ್ಟ್‌ಮೆಂಟಿನಲ್ಲಿ ನಾನು, ಇವರು, ಕೂಸು, ಅಷ್ಟೇ. ಇವರು ಎಡಗೈಯಲ್ಲಿ ಫೋನು ಹಿಡಿದು, ಅವ್ವ ಹೇಳಿದಂತೆ ಬಲಗೈಯಲ್ಲಿ ಕೂಸಿಗೆ ಎರೆದರು. ಬೆಚ್ಚಗಿನ ಕೋಣೆಯಿಲ್ಲ, ಅಗ್ಗಿಷ್ಟಿಕೆಯಿಲ್ಲ, ಅಂಟಿನುಂಡೆಯಿಲ್ಲ. ನನಗೆ ಬಾಣಂತನವೇ ಆಗಲಿಲ್ಲ ಅನ್ನುವ ಕೊರಗು ಒಳಗೆ ಉಳಿದುಕೊಂಡಿತ್ತು.

ಅಂದು ಅವ್ವನಿಗೆ ಹುಬ್ಬಳ್ಳಿಗೆ ಫೋನು ಮಾಡಿ ಹೇಳಿದೆ. ಅವ್ವ, "ಹಡದ ಕೋಣ್ಯಾಗ ಹುಡುಗರನ್ನ ಯಾರ ಬಿಡ್ತಾರವಾ? ಬಾಣಂತಿ ಅಂದ್ರ ಬೆಚ್ಚಗ ಒಬ್ಬಾಕಿನ ಇರಬೇಕ. ಮಂಗ್ಯಾ ಆದ್ರೇನು, ತಾಯಿ ತಾಯಿನ ಅಲ್ಲ?" ಅಂದಳು.

ಮರುದಿನ ಮಲ್ಲಿಯನ್ನು ಪಕ್ಕದ ಕೋಣೆಗೆ ಹಾಕಿ ನಡುವಿನ ಬಾಗಿಲು ಮುಚ್ಚಿದೆ. ಜಾಲರಿಗೆ ಗೋಣಿಬಟ್ಟೆ ಇಳಿಬಿಟ್ಟೆ. ಮಲ್ಲಿ ದಿನವಿಡೀ ಸಿಳ್ಳೆ ಹಾಕಿ ಕರೆಯುತ್ತಿದ್ದಳು. ದಿನಚರಿಯ ಹಾಳೆಯಲ್ಲಿ "ಮಲ್ಲಿಯ ಕಾಟ ಹೆಚ್ಚಾಗಿ ತಾಯಿಗೆ ತೊಂದರೆ, ಬೇರೆ ಇಡಲಾಗಿದೆ" ಅಂತ ಬರೆದೆ. ಲೂನಾ ಒಬ್ಬಳೇ ಹಾಯಾಗಿ ಮಲಗಿದ್ದನ್ನು ನೋಡಿ ನನಗೆ ಬಹಳ ಸಮಾಧಾನವಾಯಿತು. ರಿಕೋ ಒಬ್ಬನೇ ಎರಡು ಮರಿ ಹೊತ್ತು ವಾರದಿಂದ ವಾರಕ್ಕೆ ಇಳಿದುಹೋಗುತ್ತಿದ್ದದ್ದು ತಕ್ಕಡಿಯಲ್ಲಿ ಕಾಣುತ್ತಿತ್ತು. ಅದಕ್ಕೆ ಅವನಿಗೆ ಇನ್ನಷ್ಟು ಹುಳ ಹಾಕಿದೆ.

ಬೆವರ್ಲಿ ಕೋಲೂರಿಕೊಂಡು ಬಂದಾಗ ಆರು ವಾರ ಕಳೆದಿತ್ತು. ಗೋಣಿಬಟ್ಟೆ ನೋಡಿದಳು. ಹಾಳೆ ಓದಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಸುಮಂಗಲಾ, ಆಕಿ ಕಾಟ ಕೊಡತಿರಲಿಲ್ಲ. ಕಲೀತಿದ್ಲು. ಈ ಮಂಗಗಳಿಗೆ ಕೂಸು ಹೊರೂದು ಹುಟ್ಟಿನಿಂದ ಬರೂದಿಲ್ಲ. ತಮ್ಮ ತಂಗೀನ ಹೊತ್ತು, ಬೀಳಿಸಿ, ಮತ್ತ ಹೊತ್ತು ಕಲೀಬೇಕು. ಈಗ ಕೂಸು ದೊಡ್ಡವಾದ್ವು, ಬೆನ್ನಿಂದ ಇಳದ್ವು. ಆಕಿ ಸಾಲಿ ಮುಗದ ಹೋತು."

"ಮುಂದಿನ ಸಲ ಕಲೀತಾಳ್ ಬಿಡು" ಅಂದೆ.

ಮುಂದಿನ ಸಲ ಬರಲೇ ಇಲ್ಲ. ಜಾಗ ಸಾಲದೆಂದು ಮೃಗಾಲಯದ ಡಾಕ್ಟರು ಲೂನಾಗೆ ಮರಿಯಾಗದ ಹಾಗೆ ಮದ್ದು ಕೊಟ್ಟರು. ಅವಳಿ ಮರಿಗಳು ಬೆಳೆದು ಬೇರೆ ಊರಿಗೆ ಹೋದವು. ಹಲವು ವರ್ಷಕ್ಕೆ ಲೂನಾ ವಯಸ್ಸಾಗಿ ತೀರಿಕೊಂಡಳು. ಬೆವರ್ಲಿ ನಿವೃತ್ತಳಾಗಿ ಒರೆಗಾನ್ ಕಡೆ ಹೋದಳು. ಅವಳ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಆ ಹೊತ್ತಿಗೇ ಮಲ್ಲಿಗೆ ಜೋಡಿ ಮಾಡಬೇಕೆಂದು ಕಾಗದ ಬಂತು. ಮೃಗಾಲಯಗಳ ಮಂಗಗಳಿಗೆ ಯಾರಿಗೆ ಯಾರು ಅಂತ ನೋಡಿ ಕೂಡಿಸುವ ಸಮಿತಿಯೊಂದಿದೆ, ನಮ್ಮ ಜಾತಕ ನೋಡುವವರ ಹಾಗೆ. ಬಂದ ವರ ಟಿಟೋ. ಅವನು ತನ್ನ ಮನೆಯ ಕೊನೆಯ ಮಗ, ಅವನೂ ಒಂದು ದಿನವೂ ಕೂಸು ಹೊತ್ತವನಲ್ಲ. ಆ ಕಾಗದವನ್ನು ಎರಡೆರಡು ಸಲ ಓದಿದೆ.

ಮಲ್ಲಿ ಬಸುರಾದ ಐದು ತಿಂಗಳು ನಾನು ಸರಿಯಾಗಿ ಉಂಡಿಲ್ಲ. "ಮಂಗ್ಯಾ ಹಡೂದಕ್ಕ ನೀ ಯಾಕ ಇಷ್ಟು ಸೊರಗಾಕತ್ತಿ?" ಅಂತ ಇವರು ಕೇಳಿದರೆ, ಬಾಗಿಲು ಮುಚ್ಚಿದ ಕಥೆಯನ್ನು ಅಷ್ಟು ವರ್ಷದ ಮೇಲೆ ಮೊದಲ ಬಾರಿ ಬಾಯಿಬಿಟ್ಟು ಹೇಳಿದೆ. ಇವರು, "ನಿಧಿ ಹುಟ್ಟಿದಾಗ ನನಗೂ ಏನೂ ಬರತಿರಲಿಲ್ಲಲ್ಲ. ನಿಮ್ಮವ್ವ ಫೋನಿನ್ಯಾಗ ಬೈಕೋತ ಹೇಳಿಕೊಟ್ಳು" ಅಂದರು. ಅವರು ಸುಮ್ಮನೆ ಆಡಿದ ಮಾತು. ನನಗೆ ಅದು ತಲೆಯಲ್ಲಿ ಕೂತಿತು. ಅಂದು ನನಗೆ ಬೇಕಾಗಿದ್ದದ್ದು ಬೆಚ್ಚಗಿನ ಒಂಟಿ ಕೋಣೆಯಲ್ಲ, ತವರುಮನೆಯ ಗದ್ದಲ. ಕೂಸನ್ನು ಕೈಯಿಂದ ಇಸಿದುಕೊಳ್ಳಲು ಯಾರಾದರೂ ಇರಬೇಕಾಗಿತ್ತು. ನಾನು ಅದನ್ನು ತಿಳಿಯದೆ ಲೂನಾಗೆ ಕೋಣೆ ಕೊಟ್ಟು ಜನರನ್ನು ತೆಗೆದುಹಾಕಿದ್ದೆ.

ಆಗ ರಿಕೋ ಇನ್ನೂ ಇದ್ದ. ಹಲ್ಲು ಅರ್ಧ ಉದುರಿ, ಸೊಂಟ ಹಿಡಿದು, ಹಿಂದಿನ ಕೋಣೆಯಲ್ಲಿ ಒಬ್ಬನೇ ಇದ್ದ. ಮಲ್ಲಿಯ ಹೆರಿಗೆಗೆ ತಿಂಗಳಿರುವಾಗ ಅವಳನ್ನೂ ಟಿಟೋನನ್ನೂ ರಿಕೋನ ಪಕ್ಕದ ಕೋಣೆಗೆ ತಂದೆ, ನಡುವೆ ಬರೀ ಜಾಲರಿ. ಡಾಕ್ಟರು, "ಏನಿದು ಹೊಸ ಯೋಜನೆ?" ಅಂದರು. "ಚೊಚ್ಚಲ ಹೆರಿಗೆ ತವರಿನಲ್ಲಿ ಮಾಡುವುದು ನಮ್ಮ ಕಡೆಯ ರೂಢಿ" ಅಂದೆ. ಅವರು ನಕ್ಕರು. ನಾನು ನಗಲಿಲ್ಲ. ಎರಡು ಗಂಡು ಒಂದೇ ಕೋಣೆಗೆ ಬಂದರೆ ಎಳೆಯವನು ಮುದುಕನನ್ನು ಕೊಂದೇಬಿಡಬಹುದು ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅದಕ್ಕೇ ಜಾಲರಿ ತೆಗೆಯುವ ಮಾತು ಆಗ ಇಬ್ಬರೂ ಆಡಲಿಲ್ಲ.

ಒಂದು ಬೆಳಿಗ್ಗೆ ಕೋಣೆಗೆ ಹೋದರೆ ನೆಲದ ಮೇಲೆ ಒಂದು ಮರಿ ತಣ್ಣಗಾಗಿ ಬಿದ್ದಿತ್ತು. ಹೆಬ್ಬೆರಳಿನಷ್ಟು ಉದ್ದದ ಮೈ. ಕೈಗವಸು ಹಾಕಿಕೊಂಡು ಎತ್ತಿಕೊಂಡೆ. ಇನ್ನೊಂದು ಮಲ್ಲಿಯ ತೊಡೆಗೆ ಕಚ್ಚಿಕೊಂಡು ಕಿರುಚುತ್ತಿತ್ತು. ಮಲ್ಲಿ ಅದು ಏನೆಂದೇ ತಿಳಿಯದವಳಂತೆ, ಮೈಗೆ ಅಂಟಿದ ಮುಳ್ಳನ್ನು ಕೆರೆದು ಹಾಕುವ ಹಾಗೆ ಕೊಂಬೆಗೆ ಉಜ್ಜುತ್ತಿದ್ದಳು. ಟಿಟೋ ದೂರದ ಮೂಲೆಯಲ್ಲಿ ಬೆನ್ನು ತಿರುಗಿಸಿ ಕೂತಿದ್ದ.

ಡಾಕ್ಟರು ಗಡಿಯಾರ ನೋಡಿದರು. "ತೆಗೆದುಬಿಡೋಣ. ಇನ್‌ಕ್ಯುಬೇಟರ್ ರೆಡಿ ಇದೆ. ಬಾಟಲಿ ಹಾಲಿಗೆ ಬದುಕಬಹುದು."

ಬದುಕಬಹುದು, ನಿಜ. ಆದರೆ ಮನುಷ್ಯರ ಕೈಯಲ್ಲಿ ಬೆಳೆದ ಮರಿಗೆ ತಾನು ಮಂಗ ಅಂತಲೇ ಗೊತ್ತಿರುವುದಿಲ್ಲ. ನಾಳೆ ಅದು ತಾಯಿಯಾದಾಗಲೂ ಕೊಂಬೆಗೆ ಉಜ್ಜುತ್ತದೆ. ನಾನು ಮುಚ್ಚಿದ ಒಂದು ಬಾಗಿಲಿನ ಫಲವನ್ನು ಇನ್ನೂ ಎಷ್ಟು ತಲೆಮಾರು ಉಣ್ಣಬೇಕು? ತೆಗೆಯದೆ ಬಿಟ್ಟರೆ ಮಧ್ಯಾಹ್ನದೊಳಗೆ ಇದೂ ನೆಲಕ್ಕೆ ಬೀಳುತ್ತದೆ. ಆ ಹೊತ್ತಿಗೆ ಜಾಲರಿಯ ಆಚೆ ಸದ್ದಾಯಿತು. ತಿಂಗಳಿಂದ ನೆಲದ ಬುಟ್ಟಿ ಬಿಟ್ಟು ಏಳದ ರಿಕೋ ಜಾಲರಿಯ ಅರ್ಧಕ್ಕೆ ಹತ್ತಿ ನೇತಾಡುತ್ತ, ಮರಿ ಕಿರುಚಿದಾಗೆಲ್ಲ ಸಣ್ಣಗೆ ದನಿ ಕೊಡುತ್ತಿದ್ದ.

"ಒಂದು ತಾಸು ಕೊಡಿ" ಅಂದೆ. ಡಾಕ್ಟರು, "ಮುದುಕ ಸತ್ತರೆ?" ಅಂದರು. "ಅದನ್ನೂ ನನ್ನ ಹೆಸರಿಗೇ ಬರೆಯಿರಿ" ಅಂದೆ.

ಟಿಟೋನನ್ನು ಚಮಚ ತೋರಿಸಿ ಹೊರಗಿನ ಅಂಗಳಕ್ಕೆ ಕರೆದು ಬಾಗಿಲು ಹಾಕಿದೆ. ಆಮೇಲೆ ಜಾಲರಿಯ ಬಾಗಿಲು ತೆರೆದೆ. ರಿಕೋ ಒಳಗೆ ಬಂದ. ಮಲ್ಲಿ ಹಲ್ಲು ಕಿರಿದು ಚೀರಿದಳು. ಅವನು ಹತ್ತಿರ ಹೋಗಲಿಲ್ಲ. ಒಂದು ಮಾರು ದೂರದಲ್ಲಿ ಅದೇ ಕೊಂಬೆಯ ಮೇಲೆ, ಅವಳಿಗೆ ಮಗ್ಗುಲು ತಿರುಗಿಸಿ ಕೂತು ಮೈ ತಗ್ಗಿಸಿದ. ಸ್ವಲ್ಪ ಹೊತ್ತು ಬಿಟ್ಟು ಒಂದು ಗೇಣು ಸರಿದ. ಮತ್ತೆ ಕೂತ. ನಾನು ಗೋಡೆಗೆ ಒರಗಿ ನಿಂತಿದ್ದೆ. ಮೈಗೆ ಮೈ ತಾಗುವಷ್ಟು ಹತ್ತಿರವಾದ ಮೇಲೆ ಮಲ್ಲಿ ಚೀರುವುದನ್ನು ನಿಲ್ಲಿಸಿದಳು. ಮರಿ ಒಂದು ಕೈ ಬಿಟ್ಟಿತು, ಗಾಳಿಯಲ್ಲಿ ತಡಕಾಡಿತು, ರಿಕೋನ ಪಕ್ಕೆಯ ಕೂದಲು ಸಿಕ್ಕಿತು. ಅವನು ಭುಜ ಒಡ್ಡಿದ. ಮರಿ ಹತ್ತಿತು. ಹತ್ತಿ, ಅವನ ಕೆಂಪು ಕತ್ತಿನಲ್ಲಿ ಮುಖ ಹುದುಗಿಸಿ ಸುಮ್ಮನಾಯಿತು. ಮಲ್ಲಿ ತಿರುಗಿ ತಿರುಗಿ ಅದನ್ನೇ ನೋಡುತ್ತಿದ್ದಳು.

ಎರಡು ತಾಸಿಗೊಮ್ಮೆ ರಿಕೋ ಮಲ್ಲಿಗೆ ಒತ್ತಿ ಕೂರುತ್ತಿದ್ದ, ಮರಿ ಜಾರಿ ಹೋಗಿ ಹಾಲು ಕುಡಿದು ವಾಪಸು ಬರುತ್ತಿತ್ತು. ಎರಡನೆಯ ಸಲ ಮಲ್ಲಿ ಉಜ್ಜಲಿಲ್ಲ. ಅಪ್ಪನೂ ಕಲಿಯಬೇಕಲ್ಲ ಅಂತ ಸಂಜೆಯ ಹೊತ್ತಿಗೆ ಟಿಟೋನನ್ನು ಒಳಗೆ ಬಿಟ್ಟೆ. ಅವನು ಕೂದಲು ನಿಗುರಿಸಿಕೊಂಡು ಬಂದು ರಿಕೋನ ಕಿವಿಗೆ ಒಂದು ಪೆಟ್ಟು ಕೊಟ್ಟ, ರಕ್ತ ಬಂತು. ರಿಕೋ ಎದುರು ನಿಲ್ಲದೆ ಬೆನ್ನು ತಿರುಗಿಸಿದ. ಬೆನ್ನ ಮೇಲೆ ಮರಿ ಇತ್ತು. ಟಿಟೋ ಅದನ್ನು ಮೂಸಿದ, ಮತ್ತೆ ಮೂಸಿದ. ಅಲ್ಲಿಗೆ ಜಗಳ ಮುಗಿಯಿತು. ಹತ್ತು ದಿನದ ಮೇಲೆ ಮರಿಯನ್ನು ತಾನೇ ಹೊತ್ತ, ಬಸ್‌ಸ್ಟ್ಯಾಂಡಿನಲ್ಲಿ ಪರರ ಗಂಟು ಹಿಡಿದು ನಿಂತವರ ಹಾಗೆ ಸೆಟೆದುಕೊಂಡು. ಮಲ್ಲಿ ಹೊತ್ತದ್ದು ಅದಕ್ಕೂ ಎರಡು ದಿನ ಮೊದಲು.

ಮರಿ ಸತ್ತ ದಿನದ ಹಾಳೆಯಲ್ಲಿ ಕಾರಣ ಅನ್ನುವ ಸಾಲಿನ ಮುಂದೆ, ಮಲ್ಲಿ ಎಳೆಯವಳಾಗಿದ್ದಾಗ ಆರು ವಾರ ಬೇರೆ ಇಟ್ಟವಳು ನಾನು, ಅವಳು ಯಾರಿಗೂ ಕಾಟ ಕೊಟ್ಟಿರಲಿಲ್ಲ, ಆ ತೀರ್ಮಾನ ತಪ್ಪು ಅಂತ ಬರೆದು ಸಹಿ ಮಾಡಿದೆ. ಈ ಕೆಲಸಕ್ಕೆ ಬರುವವರೇ, ನೀವೂ ತಪ್ಪು ಮಾಡುತ್ತೀರಿ. ಬಹಳ ಪ್ರೀತಿಯಿಂದಲೇ ಮಾಡುತ್ತೀರಿ. ಹಾಳೆಯಲ್ಲಿ ಅದನ್ನು ಪ್ರಾಣಿಯ ತಲೆಗೆ ಕಟ್ಟಬೇಡಿ. ಮುಂದೆ ಬರುವವರು ಆ ಹಾಳೆಯನ್ನೇ ನಂಬಿ ಬಾಗಿಲು ಹಾಕುತ್ತಾರೆ, ತೆಗೆಯುತ್ತಾರೆ.

ಮಲ್ಲಿಯ ಬೆನ್ನ ಮೇಲೆ ಮರಿ ಕಂಡ ದಿನ ಒರೆಗಾನಿಗೆ ಫೋನು ಮಾಡಿದೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

"ಮುದುಕ ಹೆಂಗದಾನ?" ಅಂದಳು ಬೆವರ್ಲಿ.

"ದಣದಾನ. ಉಣ್ಣಾಕತ್ತಾನ."

"ನೀ ಹೆಂಗದಿ?"

ಚೆನ್ನಾಗಿದ್ದೇನೆ ಅನ್ನಲು ಬಾಯಿ ತೆರೆದವಳು ಅತ್ತುಬಿಟ್ಟೆ. ಮೃಗಾಲಯದ ಅಡುಗೆಮನೆಯ ಸಿಂಕಿನ ಮುಂದೆ ನಿಂತು, ಕೈಯಲ್ಲಿ ಹೆಚ್ಚಿದ ಪಪಾಯದ ಬಟ್ಟಲು ಹಿಡಿದುಕೊಂಡೇ ಅತ್ತೆ. ಬೆವರ್ಲಿ ಸಮಾಧಾನದ ಒಂದು ಮಾತೂ ಆಡಲಿಲ್ಲ, ಫೋನನ್ನೂ ಇಡಲಿಲ್ಲ. ಅಳು ಮುಗಿಯುವವರೆಗೆ ಸುಮ್ಮನೆ ಕಾದಳು.

ಆಮೇಲೆ, "ಕೂಸಿನ ತೂಕ ಎಷ್ಟ ಐತಿ?" ಅಂದಳು. ಮೂಗು ಒರೆಸಿಕೊಂಡು ತೂಕ ಹೇಳಿದೆ.